ಉಂಗುರದ ಬೆರಳ ಮೇಲೊಂದು ಅನುಮಾನ

ಮುಖ ನೋಡುವ ಮೊದಲೇ ಅವಳಿಗೆ ದನಿಯ ಗುರುತು ಸಿಕ್ಕಿತು.

"ಸ್ವಲ್ಪ ಬೇಗ ನೋಡ್ತೀರಾ, ಪ್ಲೀಸ್? ರಕ್ತ ನೋಡಿದ್ರೆ ನಂಗೆ ತಲೆ ಸುತ್ತುತ್ತೆ. ಅದೂ ನಂದೇ ರಕ್ತ ಆದ್ರೆ ಇನ್ನೂ ಜಾಸ್ತಿ."

ಕ್ಯಾಶುಯಾಲ್ಟಿಯ ಹಸಿರು ಪರದೆಯ ಆಚೆಯಿಂದ ಬಂದ ಮಾತು. ಸಿರಿಂಜ್‌ಗೆ ಔಷಧಿ ಎಳೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಸಂಜೆ ಹೊತ್ತು ಊರೆಲ್ಲಾ ಕೇಳುವ ದನಿ ಅದು. ಟ್ಯಾಕ್ಸಿಯಲ್ಲಿ, ಬೇಕರಿಯಲ್ಲಿ, ಅವಳ ಮನೆಯ ಅಡುಗೆಕೋಣೆಯಲ್ಲೂ. ಕಾಲೇಜು ಅಡ್ಮಿಷನ್ ಶುರುವಾದಾಗಿನಿಂದ ಈ ರೇಡಿಯೊದವನಿಗೆ ಮೀಸಲು ಸೀಟು ಬಿಟ್ಟರೆ ಬೇರೆ ವಿಷಯವೇ ಇರಲಿಲ್ಲ. ವಾದ ಬಿಸಿಯೇರಿದಾಗ ಅವನು ಒಂದು ಮಾತು ಎಸೆಯುತ್ತಿದ್ದ: "ಆಪರೇಷನ್ ಟೇಬಲ್ ಮೇಲೆ ಮಲಗಿದ್ದೀರಿ ಅಂದ್ಕೊಳ್ಳಿ. ಕತ್ತಿ ಹಿಡಿದ ಡಾಕ್ಟರು ಯಾವ ಲಿಸ್ಟಲ್ಲಿ ಸೀಟು ತಗೊಂಡೋರು ಅಂತ ಕೇಳ್ತೀರೋ, ಇಲ್ವೋ?"

ಅವಳು ಮೀಸಲು ಲಿಸ್ಟಿನಲ್ಲಿ ಸೀಟು ತಗೊಂಡೇ ಡಾಕ್ಟರಾದವಳು.

ಪರದೆ ಸರಿಸಿದಳು. ರೇಡಿಯೊ ಕೇಳಿ ಅವಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ದಪ್ಪ ಮೀಸೆಯ ಮಹಾಶಯ ಅಲ್ಲಿರಲಿಲ್ಲ. ತೆಳ್ಳಗಿನ, ಕೆದರಿದ ಕೂದಲಿನ ಒಬ್ಬ, ಅಂಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ. ತೊಳೆಯುತ್ತಿದ್ದ ಗಾಜಿನ ಲೋಟ ಕೈಯಲ್ಲೇ ಒಡೆಯಿತಂತೆ. ಉಂಗುರದ ಬೆರಳಿನ ಬುಡದಲ್ಲಿ ಆಳವಾದ ಗಾಯ.

"ಬೆರಳಿನ ತುದಿ ಬಾಗಿಸಿ."

ಬಾಗಿಸಿದ. ಒಂದೊಂದೇ ಗೆಣ್ಣು ಹಿಡಿದು ಮತ್ತೆ ಬಾಗಿಸಲು ಹೇಳಿದಳು. ನರ ನೋಡಿದಳು, ಬೆರಳನ್ನು ಬಾಗಿಸುವ ಟೆಂಡನ್ ನೋಡಿದಳು. ಎಲ್ಲ ಸರಿಯಿತ್ತು. ಹೊಲಿಗೆ ಹಾಕತೊಡಗಿದಾಗ ಅವನು ಒಂದು ಕಣ್ಣು ತೆರೆದ.

"ಡಾಕ್ಟ್ರೇ, ನಿಮ್ಮ ಹೆಸರು?"

"ಡಾಕ್ಟರ್ ಅಂದ್ರೆ ಸಾಕು. ಕೈ ಅಲ್ಲಾಡಿಸ್ಬೇಡಿ."

"ಅಲ್ಲಾಡ್ತಿರೋದು ಕೈ ಅಲ್ಲ," ಎಂದ ಅವನು. ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಗೋಡೆ ಕಡೆ ನೋಡಿದ.

ಪಕ್ಕದಲ್ಲಿ ಟ್ರೇ ಹಿಡಿದಿದ್ದ ಹಿರಿಯ ನರ್ಸ್, ಆಸ್ಪತ್ರೆಗೆಲ್ಲಾ ದೊಡ್ಡಕ್ಕ, ಮಾಸ್ಕಿನೊಳಗೇ ಕಿಸಕ್ಕೆಂದಳು. "ಉಂಗುರ ಹಾಕೋ ಬೆರಳೇ ಕುಯ್ಕೊಂಡಿದ್ದೀರಲ್ಲಪ್ಪ. ಮನೇಲಿ ಹೆಣ್ಣು ನೋಡೋರಿಗೆ ಏನು ಹೇಳ್ತೀರಿ?"

ಅವಳು ಮಾತ್ರ ನಗಲಿಲ್ಲ. ನಾನು ಯಾರು ಅಂತ ಗೊತ್ತಾದರೆ ಈ ಕೈ ಹೀಗೆ ನನ್ನ ಕೈಯಲ್ಲಿ ಇರುತ್ತಾ, ಅಥವಾ ಸರಕ್ಕನೆ ಹಿಂದಕ್ಕೆ ಹೋಗುತ್ತಾ? ಆ ಯೋಚನೆಯಲ್ಲೇ ಕೊನೆಯ ಗಂಟು ಹಾಕಿದಳು.

*

ಡ್ರೆಸ್ಸಿಂಗಿಗೆ ಅವಳು ಹೇಳಿದ್ದಕ್ಕಿಂತ ಹೆಚ್ಚು ಸಲ ಅವನು ಬಂದ. ಒಮ್ಮೆ ಬ್ಯಾಂಡೇಜ್ ಒದ್ದೆಯಾಯಿತು ಅಂದ, ಒಮ್ಮೆ ಸಡಿಲವಾಯಿತು ಅಂದ. ಇನ್ನೊಮ್ಮೆ ಯಾವ ಕಾರಣವೂ ಹೊಳೆಯದೆ, "ಒಂದ್ಸಲ ನೋಡಿಬಿಡಿ ಅಂತ..." ಎಂದು ಬಾಗಿಲಲ್ಲೇ ತಡವರಿಸಿದ. ಎಡಗೈಯಲ್ಲಿ ಕಾಫಿಯ ಫ್ಲಾಸ್ಕ್ ಇತ್ತು.

"ಇದು ಲಂಚಾನಾ?"

"ಅಲ್ಲ. ಮೊನ್ನೆ ನೀವು ಮೆಷಿನ್ ಕಾಫಿ ಕುಡಿದು ಮುಖ ಸಿಂಡರಿಸಿದ್ದು ನೋಡಿದೆ."

ಅಷ್ಟು ಗಮನಿಸಿದ್ದಾನೆ. ಅವಳಿಗೆ ಒಳಗೆಲ್ಲೋ ಬೆಚ್ಚಗಾಯಿತು. ಅದರ ಬೆನ್ನಿಗೇ ಕಿವಿ ನೆಟ್ಟಗಾಯಿತು. ಮಾತಾಡಿ ಬದುಕುವವನು ಸುಮ್ಮನೆ ಯಾಕೆ ಬೆಣ್ಣೆ ಹಚ್ಚುತ್ತಾನೆ? ಕಾಫಿ ಎರಡನೇ ಲೋಟಕ್ಕೆ ಬರುವಷ್ಟರಲ್ಲಿ ಉತ್ತರವೂ ಸಿಕ್ಕಿತು.

"ನಮ್ಮ ಪ್ರೋಗ್ರಾಮ್‌ಗೆ ಒಂದಿನ ಬರ್ತೀರಾ? ಚಿಕ್ಕ ವಯಸ್ಸಿನ ಡಾಕ್ಟರು, ಇಷ್ಟು ಚೆನ್ನಾಗಿ ಮಾತಾಡ್ತೀರಿ..."

"ಯಾವ ವಿಷಯ?"

"ಯಾವುದಾದ್ರೂ. ನಿಮ್ಮಿಷ್ಟ."

ನಿಮ್ಮಿಷ್ಟ! ಯಾರೋ ಇವನಿಗೆ ನನ್ನ ಸೀಟಿನ ವಿಷಯ ಹೇಳಿದ್ದಾರೆ, ಅಂದುಕೊಂಡಳು ಅವಳು. ಮೈಕಿನ ಮುಂದೆ ಕೂರಿಸಿ, ಊರೆಲ್ಲಾ ಕೇಳುವ ಹಾಗೆ, ನಿಮ್ಮ ಮಾರ್ಕ್ಸ್ ಎಷ್ಟು ಡಾಕ್ಟ್ರೇ ಅಂತ ಕೇಳುತ್ತಾನೆ.

"ಟೈಮಿಲ್ಲ," ಎಂದು ಎದ್ದಳು. ಅವನ ಮುಖ ಬಾಡಿತು. ಬಾಡಿದ್ದು ನಿಜವೋ ನಾಟಕವೋ, ಅದೂ ತಿಳಿಯಲಿಲ್ಲ.

ಆದರೂ ಹೊಲಿಗೆ ಬಿಚ್ಚಿದ ದಿನ, ಡ್ಯೂಟಿ ಮುಗಿಸಿ ಬಸ್ ಸ್ಟಾಪಿಗೆ ಹೊರಟಾಗ, ಅವನು ಜೊತೆಗೆ ಹೆಜ್ಜೆ ಹಾಕಿದರೆ ಬೇಡ ಅನ್ನಲಿಲ್ಲ. ಸಂಜೆಯ ಬಿಸಿಲು ಅಂಗಡಿಗಳ ಗಾಜಿನ ಮೇಲೆ ಬಿದ್ದಿತ್ತು. ಗಾಜಿನಲ್ಲಿ ತನ್ನನ್ನೇ ಕದ್ದು ನೋಡುತ್ತಿದ್ದ ಅವನ ಕಣ್ಣು ಸಿಕ್ಕಿಬಿತ್ತು.

"ದಾರಿ ನೋಡ್ಕೊಂಡು ನಡೀರಿ. ಇನ್ನೊಂದು ಕೈ ಮುರ್ಕೊಂಡೀರಿ."

"ಮುರಿದ್ರೆ ನೋಡೋಕೆ ನೀವಿದ್ದೀರಲ್ಲ."

ಅವಳಿಗೆ ನಗು ಬಂತು. ಬಂದ ನಗುವನ್ನು ಅಲ್ಲೇ ಕಚ್ಚಿ ಹಿಡಿದು ಕೇಳಿದಳು: "ರೇಡಿಯೊದಲ್ಲಿ ನೀವು ಹೇಳೋದನ್ನೆಲ್ಲಾ ನೀವೇ ನಂಬ್ತೀರಾ?"

ಅವನ ನಡಿಗೆ ನಿಧಾನವಾಯಿತು. "ನನ್ನ ತಂಗಿ ಚಿಕ್ಕವಳಿದ್ದಾಗ ಗೊಂಬೆಗಳಿಗೆಲ್ಲಾ ಇಂಜೆಕ್ಷನ್ ಕೊಡ್ತಿದ್ಲು. ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿಹೋಯ್ತು. ಅವಳಿಗಿಂತ ಕಮ್ಮಿ ಮಾರ್ಕ್ಸಿನವರು ಒಳಗೆ ಹೋದ್ರು. ಅವಳು ರೂಮಿನ ಬಾಗಿಲು ಹಾಕ್ಕೊಂಡು ಅತ್ತಿದ್ದು ಇನ್ನೂ ಕಿವೀಲಿದೆ. ಹಾಗಾಗಿ, ಹೌದು, ನಂಬ್ತೀನಿ."

ಬಸ್ಸು ಬಂತು. ಅವಳು ಹತ್ತಿದವಳು ತಿರುಗಿ ನೋಡಲಿಲ್ಲ.

*

ಅದಾದ ಮೇಲೆ ಅವಳು ತಪ್ಪಿಸಿಕೊಂಡು ಓಡಾಡಿದಳು. ಅವನು ಬಂದರೆ ದೊಡ್ಡಕ್ಕನನ್ನು ಕಳಿಸುತ್ತಿದ್ದಳು. ದೊಡ್ಡಕ್ಕ ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಬಂದಳು. "ಆ ಬೆರಳು ಬಾಗ್ತಾನೇ ಇಲ್ಲ ಕಣಮ್ಮ."

ಅಂದು ನೋಡಿದ್ದೆನಲ್ಲ? ಒಂದೊಂದು ಗೆಣ್ಣನ್ನೂ ಹಿಡಿದು ನೋಡಿದ್ದೆನಲ್ಲ? ನೋಡಿದ್ದೆನಾ, ಇಲ್ಲಾ ಆ ದನಿಯ ಗಡಿಬಿಡಿಯಲ್ಲಿ ನೋಡಿದೆ ಅಂದುಕೊಂಡೆನಾ? ಅಷ್ಟು ವರ್ಷ ಓದಿ, ಅಷ್ಟು ಪರೀಕ್ಷೆ ಪಾಸಾಗಿ, ಹೆಸರಿನ ಮುಂದೆ ಡಾಕ್ಟರ್ ಅಂತ ಬಂದ ಮೇಲೂ, ಇಂಥ ಒಂದು ಗಳಿಗೆಗೆ ತನ್ನ ಕೈಯ ಮೇಲೆ ತನಗೇ ಅನುಮಾನ.

ವಿಷಯ ಕಿವಿಗೆ ಬಿದ್ದು, ಮರುದಿನ ಬೆಳಿಗ್ಗೆ ಸರ್ಜರಿ ವಿಭಾಗದ ಚೀಫ್ ಅವಳನ್ನು ಕರೆಸಿದರು. ಅವರ ಕೋಣೆಯಲ್ಲಿ ಇನ್ನಿಬ್ಬರು ಜೂನಿಯರ್ ಡಾಕ್ಟರುಗಳಿದ್ದರು. ಕುರ್ಚಿಯಲ್ಲಿ ರೇಡಿಯೊದವನು, ಉಂಗುರದ ಬೆರಳನ್ನು ಕಡ್ಡಿಯಂತೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಅರಳಿತು.

"ಟೆಂಡನ್ ಕಟ್ ಆಗಿದ್ದು ನಿಮಗೆ ಕಾಣಿಸ್ಲಿಲ್ವಾ?" ಚೀಫ್ ತಲೆಯೆತ್ತದೆ ಕೇಳಿದರು.

"ಕಟ್ ಆಗಿರ್ಲಿಲ್ಲ ಸರ್. ನಾನು ಪರೀಕ್ಷೆ ಮಾಡಿದ್ದೆ."

"ಹಾಗಾದ್ರೆ ಇದೇನು?" ಅವರು ಉಳಿದಿಬ್ಬರ ಕಡೆ ತಿರುಗಿ, ನಿಟ್ಟುಸಿರು ಬಿಟ್ಟು, ತುಂಬಾ ಸಹಜವಾಗಿ ಹೇಳಿದರು: "ನೋಡಿ, ಮೀಸಲು ಲಿಸ್ಟಲ್ಲಿ ಸೀಟು ಕೊಡ್ಬಹುದು. ಕೈ ಎಲ್ಲಿಂದ ಕೊಡೋಣ?"

ಒಬ್ಬ ಜೂನಿಯರ್ ಷೂ ನೋಡಿಕೊಂಡ. ಇನ್ನೊಬ್ಬಳ ತುಟಿಯಂಚಿನಲ್ಲಿ ನಗುವೊಂದು ಹಾದುಹೋಯಿತು.

ಅವಳು ರೇಡಿಯೊದವನನ್ನು ನೋಡಿದಳು. ಅವನ ಮುಖದಲ್ಲಿ ಅಚ್ಚರಿ ಇತ್ತು. ಅಂದರೆ ಅವನಿಗೆ ಇಷ್ಟು ದಿನ ಗೊತ್ತಿರಲಿಲ್ಲ. ಅಚ್ಚರಿಯ ಹಿಂದೆ ಇನ್ನೇನೋ ಇತ್ತು. ಬಾಯಿ ತೆರೆದ, ಮುಚ್ಚಿದ. ಕಿವಿ ಕೆಂಪಾಯಿತು. ಅವಳಿಗೆ ಏನೋ ಹೊಳೆಯಿತು.

ನೇರ ಹೋಗಿ ಅವನ ಮಣಿಕಟ್ಟು ಹಿಡಿದಳು. "ಕೈ ಸಡಿಲ ಬಿಡಿ."

"ಡಾಕ್ಟ್ರೇ, ನಾನು..."

"ಸಡಿಲ ಬಿಡಿ."

ಮಣಿಕಟ್ಟನ್ನು ಮೆಲ್ಲನೆ ಹಿಂದಕ್ಕೆ ಬಾಗಿಸಿದಳು. ಬೆರಳುಗಳೆಲ್ಲ ತಾವಾಗಿಯೇ ಒಳಕ್ಕೆ ಮಡಚಿಕೊಂಡವು. ಉಂಗುರದ ಬೆರಳೂ ಅವುಗಳ ಸಾಲಿನಲ್ಲೇ, ಅಷ್ಟೇ ಸಲೀಸಾಗಿ ಮಡಚಿತು.

"ಟೆಂಡನ್ ಕಟ್ ಆಗಿದ್ರೆ ಈ ಬೆರಳು ನೆಟ್ಟಗೇ ನಿಲ್ತಿತ್ತು ಸರ್. ಬೆರಳಿಗೆ ಏನೂ ಆಗಿಲ್ಲ. ಇವ್ರು ಬಾಗಿಸ್ತಿಲ್ಲ, ಅಷ್ಟೇ."

ರೇಡಿಯೊದವನು ತಲೆ ತಗ್ಗಿಸಿದ. "ಹೌದು. ಬಾಗುತ್ತೆ. ಸುಳ್ಳು ಹೇಳ್ದೆ. ಸರಿಹೋಯ್ತು ಅಂದ್ರೆ ಮತ್ತೆ ಬರೋಕೆ ನೆಪ ಇರಲ್ಲ ಅಂತ..."

ಚೀಫ್ ಹೊಟ್ಟೆ ಕುಲುಕಿಸಿ ನಕ್ಕರು. "ಓಹೋ, ಲವ್ ಸ್ಟೋರಿನಾ! ಮೊದಲೇ ಹೇಳೋದಲ್ವಾ!" ಎಲ್ಲರೂ ನಕ್ಕರು. ಆ ಮೊದಲಿನ ಮಾತನ್ನು ಯಾರೂ ಹಿಂದಕ್ಕೆ ತಗೊಳ್ಳಲಿಲ್ಲ. ತಗೊಳ್ಳಬೇಕು ಅಂತ ಯಾರಿಗೂ ಅನಿಸಲೂ ಇಲ್ಲ.

*

ಅವನು ಮೆಟ್ಟಿಲ ಬಳಿ ಓಡಿ ಬಂದು ಅಡ್ಡ ನಿಂತ.

"ಕ್ಷಮಿಸಿ. ತಮಾಷೆ ಹೀಗಾಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ಬೇರೆ ಯಾರ ಹತ್ರನಾದ್ರೂ ಮಾಡಿದ್ರೆ ತಮಾಷೆನೇ ಆಗ್ತಿತ್ತು. ನನ್ನ ಪಕ್ಕದವಳ ಕೈಯಲ್ಲಿ ಬೆರಳು ಬಾಗ್ಲಿಲ್ಲ ಅಂದ್ರೆ ಬೆರಳನ್ನ ನೋಡ್ತಾರೆ. ನನ್ನ ಕೈಯಲ್ಲಿ ಬಾಗ್ಲಿಲ್ಲ ಅಂದ್ರೆ ನನ್ನ ಸೀಟನ್ನ ನೋಡ್ತಾರೆ."

"ನನಗೆ ಗೊತ್ತಿರ್ಲಿಲ್ಲ, ನೀವು..."

"ಗೊತ್ತಾದ ಮೇಲೂ ಒಂದು ಗಳಿಗೆ ಸುಮ್ಮನಿದ್ರಿ. ನಾನು ನೋಡ್ದೆ. ಅಷ್ಟೂ ಹೊತ್ತು ನಿಮ್ಮ ತಲೇಲಿ ಏನು ಓಡ್ತಿತ್ತು?"

ಅವನು, ಒಳ್ಳೆಯ ಮಾತು ಅಂದುಕೊಂಡೇ, ಹೇಳಿದ: "ನೀವು ಬೇರೆ ಡಾಕ್ಟ್ರೇ. ನೀವು ಹೇಗಿದ್ರೂ ಸೀಟು ಗಿಟ್ಟಿಸ್ತಿದ್ರಿ. ನಾನು ಹೇಳೋದು ನಿಮ್ಮಂಥವರ ಬಗ್ಗೆ ಅಲ್ಲ."

ಅವಳ ಕಣ್ಣು ಚುರುಗುಟ್ಟಿತು. "ಇಲ್ಲ. ಗಿಟ್ಟಿಸ್ತಿರ್ಲಿಲ್ಲ. ನಮ್ಮಪ್ಪ ಬಸ್ ಓಡಿಸ್ತಾರೆ. ನಮ್ಮನೇಲಿ ಕಾಲೇಜಿನ ಗೇಟು ದಾಟಿದೋಳು ನಾನೇ ಮೊದಲು. ನನ್ನ ಮಾರ್ಕ್ಸ್ ನಿಮ್ಮ ತಂಗಿಗಿಂತ ಕಮ್ಮಿನೇ ಇರ್ಬಹುದು. ನಾನು ಬೇರೆ ಅಲ್ಲ. ನೀವು ದಿನಾ ಸಂಜೆ ಯಾರ ಬಗ್ಗೆ ಮಾತಾಡ್ತೀರೋ, ಅವಳೇ ನಾನು."

ಅವನು ಪಕ್ಕಕ್ಕೆ ಸರಿದ. ಅವಳು ಇಳಿದು ಹೋದಳು.

*

ಆಮೇಲೆ ಅವನು ಬರಲಿಲ್ಲ. ಫ್ಲಾಸ್ಕೂ ಬರಲಿಲ್ಲ. ಸದ್ಯ ಪೀಡೆ ಕಳೀತು ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಪ್ರತಿ ಸಲ ಪರದೆ ಸರಿದಾಗಲೂ ತಲೆಯೆತ್ತಿ ನೋಡಿದಳು. ದೊಡ್ಡಕ್ಕ ನೋಡಿಯೂ ನೋಡದ ಹಾಗಿದ್ದಳು.

ಒಂದು ಮಧ್ಯಾಹ್ನ ಪರದೆ ಸರಿಸಿದ್ದು ಒಬ್ಬ ಹುಡುಗಿ. ಗಾಯವಿರಲಿಲ್ಲ, ಜ್ವರವಿರಲಿಲ್ಲ. ಅವನದೇ ಕೆದರಿದ ಕೂದಲು.

"ನಾನು ರೇಡಿಯೊದವನ ತಂಗಿ. ನಿಮ್ಮ ವಿಷಯ ಅವನೇ ಹೇಳಿದ್ದು. ಅಣ್ಣ ಕಳಿಸಿದ್ದಲ್ಲ. ಗೊತ್ತಾದ್ರೆ ಬೈತಾನೆ."

ಇದೂ ಹೊಸ ಉಪಾಯವಿರಬಹುದು ಎಂದು ಅವಳು ಮುಖ ಗಂಟಿಕ್ಕಿಕೊಂಡೇ ಸ್ಟೂಲ್ ತೋರಿಸಿದಳು. ಹುಡುಗಿ ಕೂರಲಿಲ್ಲ.

"ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ಸೀಟು ತಪ್ಪಿದ ಮೇಲೆ ತುಂಬಾ ದಿನ ನಾನು ಒಬ್ಬರನ್ನ ದ್ವೇಷ ಮಾಡ್ತಿದ್ದೆ. ಯಾರು ಅಂತ ಗೊತ್ತಿಲ್ಲ. ಮುಖ ಇಲ್ಲದ ಯಾರೋ. ಅವರು ನೀವೇನೋ ಅಂತ ನೋಡೋಕೆ ಬಂದೆ."

"ನಾನೇ ಇರ್ಬಹುದು," ಎಂದಳು ಅವಳು. "ನಾನೂ ಯೋಚನೆ ಮಾಡಿದ್ದೀನಿ. ನನ್ನ ಜಾಗದಲ್ಲಿ ಯಾರು ಕೂರ್ತಿದ್ರು, ಅವರು ಈಗ ಏನು ಮಾಡ್ತಿದ್ದಾರೆ ಅಂತ."

"ಸ್ಕೂಲಲ್ಲಿ ಬಯಾಲಜಿ ಪಾಠ ಮಾಡ್ತಿದ್ದಾರೆ," ಎಂದು ಹುಡುಗಿ ಸಣ್ಣಗೆ ನಕ್ಕಳು. ಆಮೇಲೆ ನಗು ಇಳಿಯಿತು. "ನಂಗೆ ಅನ್ಯಾಯ ಆಯ್ತು ಅಂತ ಈಗ್ಲೂ ಅನ್ಸುತ್ತೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನನ್ನ ಅಳು ತಗೊಂಡು ಹೋಗಿ ದಿನಾ ಮೈಕಲ್ಲಿ ಹಾಕು ಅಂತ ಅಣ್ಣಂಗೆ ನಾನು ಹೇಳಿರ್ಲಿಲ್ಲ. ಮೊನ್ನೆ ಜಗಳ ಆಡ್ದೆ. ಅದು ನಿನ್ನ ಕಷ್ಟ ಅಲ್ಲ, ನಂದು ಅಂದೆ. ಅವನು ಊಟ ಬಿಟ್ಟು ಎದ್ದುಹೋದ."

ಹೊರಡುವಾಗ ಹುಡುಗಿ ತಾನಾಗಿಯೇ ಅವಳ ಕೈ ಹಿಡಿದು, ಒಂದು ಸಲ ಒತ್ತಿ, ಬಿಟ್ಟಳು.

*

ವಾರದ ಕೊನೆಯಲ್ಲಿ ಅವನು ಬಸ್ ಸ್ಟಾಪಿನಲ್ಲಿ ನಿಂತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಶೇವ್ ಮಾಡಿರಲಿಲ್ಲ.

"ನೆಪ ಇಲ್ಲದೆ ಬಂದಿದ್ದೀನಿ," ಎಂದ.

"ಪ್ರೋಗ್ರಾಮ್‌ಗೆ ಕರೆಯೋಕಾ?"

"ಅಲ್ಲ. ಅವತ್ತು ಕರೆದಿದ್ದೂ, ಜೊತೆಗೆ ಒಂದು ಗಂಟೆ ಕೂರ್ಬಹುದು ಅನ್ನೋ ಆಸೆಗೆ."

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳು ಹುಡುಕಿದಳು. ಸಿಗಲಿಲ್ಲ. ಆದರೂ ನಂಬಿಕೆ ಪೂರ್ತಿ ಬರಲಿಲ್ಲ.

"ಆ ಗಳಿಗೆ ಸುಮ್ಮನಿದ್ದೆನಲ್ಲ," ಅವನು ನಿಧಾನವಾಗಿ ಹೇಳಿದ, "ತಲೇಲಿ ಏನು ಓಡ್ತಿತ್ತು ಅಂತ ಕೇಳಿದ್ರಿ. ಚೀಫ್ ಹಾಗಂದ ಕೂಡ್ಲೇ, ನನ್ನ ಬೆರಳು ಸರಿಯಿದೆ ಅಂತ ನನಗೇ ಗೊತ್ತಿದ್ರೂ, ಒಂದು ಕ್ಷಣ ಅನ್ನಿಸ್ತು, ಇವರು ನಿಜವಾಗ್ಲೂ ಸರಿಯಾಗಿ ನೋಡಿದ್ರಾ ಅಂತ. ಬಾಗೋ ಬೆರಳು ಇಟ್ಕೊಂಡು ಅನುಮಾನ ಪಟ್ಟೆ. ನನ್ನೊಳಗೆ ಅದು ಎಷ್ಟು ಆಳಕ್ಕೆ ಇಳಿದಿದೆ ಅಂತ ಅವತ್ತೇ ಗೊತ್ತಾಗಿದ್ದು. ಆ ವಾದದಲ್ಲಿ ಯಾರು ಸರಿ ಅಂತ ನಂಗಿನ್ನೂ ಪೂರ್ತಿ ಗೊತ್ತಿಲ್ಲ. ಆದ್ರೆ ನಿಮ್ಮನ್ನ ಪ್ರೀತಿಸ್ತೀನಿ. ಅದು ಗೊತ್ತು."

ಬಸ್ಸೊಂದು ಬಂದು ನಿಂತು ಹೋಯಿತು. ಅವಳು ಹತ್ತಲಿಲ್ಲ. ಇಷ್ಟು ಕೆಟ್ಟ ಸತ್ಯವನ್ನು ಯಾರೂ ಅವಳ ಮುಖಕ್ಕೆ ಹೇಳಿರಲಿಲ್ಲ. ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ನೋವಾಯಿತು. ನೋವಿನ ಕೆಳಗೆ, ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಏನೋ ಒಂದು ಸಡಿಲವಾಯಿತು.

"ನನಗೆ ನಿಮ್ಮ ಮೇಲೆ ಇನ್ನೂ ಅನುಮಾನ ಇದೆ," ಎಂದಳು.

"ಇರ್ಲಿ. ಎಷ್ಟು ದಿನ ಬೇಕಾದ್ರೂ ಇಟ್ಕೊಳ್ಳಿ."

"ನಮ್ಮಪ್ಪ ನಿಮ್ಮ ಪ್ರೋಗ್ರಾಮ್ ಒಂದು ದಿನಾನೂ ತಪ್ಪಿಸಲ್ಲ. ಬೈತಾ ಬೈತಾ ಕೇಳ್ತಾರೆ. ಒಂದ್ಸಲ ಫೋನ್ ಮಾಡಿದ್ರಂತೆ. ನೀವು ಮಧ್ಯದಲ್ಲೇ ಕಟ್ ಮಾಡಿದ್ರಿ."

ಅವನ ಮುಖ ಬಿಳಿಚಿತು. "ಅಯ್ಯೋ. ಯಾವಾಗ?"

"ಅವರೇ ಹೇಳ್ತಾರೆ. ಅವತ್ತು ಹೇಳೋದು ಉಳಿದಿದ್ದನ್ನೂ ಸೇರಿಸಿ ಹೇಳ್ತಾರೆ. ಇವತ್ತು ಅವರಿಗೆ ರಜಾ."

ಮುಂದಿನ ಬಸ್ಸು ಬಂತು. ಕಿಕ್ಕಿರಿದಿತ್ತು. ಅವಳು ಹತ್ತಿ, ಕಂಬಿ ಹಿಡಿದು, ಹಿಂತಿರುಗಿ ನೋಡಿದಳು. ಅವನು ಇನ್ನೂ ಕೆಳಗೇ ನಿಂತಿದ್ದ, ಕರೆದಳೋ ಇಲ್ಲವೋ ಎಂಬ ಗೊಂದಲದಲ್ಲಿ, ಪರೀಕ್ಷಾ ಕೊಠಡಿಯ ಹೊರಗೆ ನಿಂತ ಹುಡುಗನಂತೆ. ಡ್ರೈವರ್ ಹಾರ್ನ್ ಹೊಡೆದ.

ಇಷ್ಟು ದಿನ ಅವಳು ಅವನನ್ನು ಬಹುವಚನದ ಆಚೆಗೇ ನಿಲ್ಲಿಸಿದ್ದಳು.

"ಏನು ನೋಡ್ತಿದ್ದೀಯ?" ಎಂದಳು ಅವಳು. "ಬೇಗ ಹತ್ತು, ನೀನು."