ಬೆಕ್ಕಲ್ಲ, ಪಿಟೀಲು

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಂಗಳವಾರ, ಒಂದನೇ ಕ್ಲಾಸಿನ ಮಕ್ಕಳ ಮುಂದೆ ಒಬ್ಬಳು ಹುಡುಗಿ ಮೂಗು ಹಿಡಿದುಕೊಂಡು ಕೂಗುತ್ತಿದ್ದಳು.

"ಕೊಂಯ್ಯ್ಯ್... ಕಿಂಯ್ಯ್ಯ್... ಹೇಳಿ, ಇದು ಯಾವ ವಾದ್ಯ?"

"ಬೆಕ್ಕು!" ಇಡೀ ಕ್ಲಾಸು ಕಿರುಚಿತು.

"ಬೆಕ್ಕಲ್ಲ ಕಣ್ರೋ, ಪಿಟೀಲು!"

"ಅಲ್ಲ, ಬಾಲ ತುಳಿಸ್ಕೊಂಡಿರೋ ಬೆಕ್ಕು," ಎಂದಳು ಮುಂದಿನ ಬೆಂಚಿನ ಬಟಾಣಿ. ಕ್ಲಾಸಿಗೆಲ್ಲ ಅವಳೇ ಚಿಕ್ಕವಳು. ಮಾತು ಮಾತ್ರ ದೊಡ್ಡದು.

ಆ ಶಾಲೆಯಲ್ಲಿ ಐದನೇ ಕ್ಲಾಸಿನ ಒಬ್ಬೊಬ್ಬರೂ ಒಂದನೇ ಕ್ಲಾಸಿನವರಿಗೆ ಒಂದು ಪಾಠ ಹೇಳಿಕೊಡಬೇಕಿತ್ತು. ಸದಾ ಏನಾದರೂ ಗುನುಗುತ್ತಿದ್ದ ಈ ಹುಡುಗಿಯನ್ನು ಎಲ್ಲರೂ ಜೀರುಂಡೆ ಎಂದೇ ಕರೆಯುತ್ತಿದ್ದರು. ಜೀರುಂಡೆ ಎದೆಯುಬ್ಬಿಸಿ ಮಾತು ಕೊಟ್ಟುಬಿಟ್ಟಿದ್ದಳು. "ಕಣ್ಣು ಮುಚ್ಕೊಂಡು ಕೇಳಿದ್ರೂ ಪಿಟೀಲು ಯಾವುದು, ಕೊಳಲು ಯಾವುದು ಅಂತ ನೀವೆಲ್ಲ ಹೇಳೋ ಹಾಗೆ ಮಾಡ್ತೀನಿ!"

ಟ್ಯಾಬಿನಲ್ಲಿ ಹಾಡುಗಳನ್ನು ಹಾಕಿ ಕೇಳಿಸಬೇಕೆಂದೇ ಅವಳು ಹೊರಟಿದ್ದಳು. ಆದರೆ ಪಕ್ಕದಲ್ಲಿ ಕೂರುವ ಸಣಕಲು ಹುಡುಗ, ಎಲ್ಲರೂ ಕಡ್ಡಿ ಅನ್ನುತ್ತಿದ್ದವನು, ಅಡ್ಡಬಾಯಿ ಹಾಕಿದ್ದ. "ಬೇರೆಯವರ ಹಾಡು ಕ್ಲಾಸಲ್ಲಿ ಹಾಕ್ತೀಯಾ? ಅದು ಕಳ್ಳತನ ಕಣೇ! ಸಿಕ್ಕಿಬಿದ್ರೆ ಮುಗೀತು ನಿನ್ನ ಕತೆ."

ಜೀರುಂಡೆ ಟ್ಯಾಬನ್ನು ಚೀಲದೊಳಗೆ ತುರುಕಿಬಿಟ್ಟಿದ್ದಳು. ಅದಕ್ಕೇ ಈ ಕೊಂಯ್ ಕಿಂಯ್.

ಟೀಚರ್ ನಗು ಅದುಮಿಕೊಂಡು ಹೇಳಿದರು, "ಶುಕ್ರವಾರ ಇನ್ನೊಂದು ಸಲ ಮಾಡು. ಆಗಲೂ ಆಗದಿದ್ರೆ ಚಿತ್ರ ಬಿಡಿಸೋ ಪಾಠ ಇಟ್ಕೊಳ್ಳೋಣ, ಆಯ್ತಾ?"

ಜೀರುಂಡೆ ಚೀಲ ಹೆಗಲಿಗೇರಿಸಿ ಮನೆಗೆ ನಡೆದಳು. ಅವಳು ಮಾತು ಕೊಟ್ಟಿದ್ದು ಚಿತ್ರಕ್ಕಲ್ಲ.

ಅವಳ ಮನೆಯ ಕೆಳಗಡೆ ಪಿಟೀಲು ಮಾವ ಇದ್ದರು. ಸ್ಟುಡಿಯೋದಲ್ಲಿ ನುಡಿಸುವುದು ಅವರ ಕೆಲಸ. ಸ್ವಂತ ರಾಗಗಳನ್ನೂ ಕಟ್ಟುತ್ತಿದ್ದರು. ಅಡುಗೆಮನೆಯಲ್ಲಿ ಸದ್ದು ತುಂಬಿಕೊಂಡು ಕೇಳುತ್ತದೆಂದು ಅಲ್ಲೇ ಪ್ರಾಕ್ಟೀಸ್. ಜೀರುಂಡೆ ಹೋದಾಗ ಸಿಂಕಿನ ಪಕ್ಕ ನಿಂತು ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದರು.

"ಮಾವ, ನಿಮ್ಮ ನಾಯಿಮರಿ ಹಾಡು ಪಾಠಕ್ಕೆ ತಗೋಬಹುದಾ?"

"ಎಷ್ಟು ಬೇಕು?"

"ಪೂರ್ತಿ!"

"ಪೂರ್ತಿ ಯಾಕೆ?"

"ಚೆನ್ನಾಗಿದೆ, ಅದಕ್ಕೆ."

ಮಾವ ಹೋ ಎಂದು ನಕ್ಕರು. "ಹೊಗಳಿದ್ದು ಸಂತೋಷ! ಆದ್ರೆ ಆ ಪುಟಾಣಿಗಳಿಗೆ ನೀನು ಏನು ತೋರಿಸ್ಬೇಕು?"

ಜೀರುಂಡೆ ಯೋಚಿಸಿದಳು. "ಪಿಟೀಲು ಹೇಗೆ ಮಾತಾಡುತ್ತೆ ಅಂತ."

"ಹಂಗಾದ್ರೆ ಅದು ಮಾತಾಡೋ ಜಾಗ ಹುಡುಕು. ಪಾಠಕ್ಕೆ ಅಂತ ಅಷ್ಟು ಚೂರು ತಗೊಂಡ್ರೆ ನಾನೇನೂ ಅನ್ನಲ್ಲ. ಯಾರದು ಅಂತ ಹೇಳ್ಬಿಡು, ಸಾಕು. ಪೂರ್ತಿ ಹಾಡು ಬೇಕು ಅನ್ಸಿದ್ರೆ ಮಾತ್ರ ಹೀಗೆ ಬಂದು ಬಾಗಿಲು ತಟ್ಟು."

ಅಲ್ಲೇ ಸ್ಟೂಲಿನ ಮೇಲೆ ಕೂತು, ಜೀರುಂಡೆ ಹೆಡ್‌ಫೋನ್ ಹಾಕಿಕೊಂಡಳು. ಟ್ಯಾಬಿನಲ್ಲಿ ಮೊದಲು ಹಾಡನ್ನು ಕತ್ತರಿಸಿ ಅರ್ಧ ಉಳಿಸಿಕೊಂಡಳು. ಕೇಳಿದರೆ ತಬಲ, ಕೊಳಲು, ಪಿಟೀಲು ಎಲ್ಲ ಕಲಸುಮೇಲೋಗರ! ಇನ್ನಷ್ಟು ಕತ್ತರಿಸಿದಳು. ಒಳ್ಳೊಳ್ಳೆಯ ಜಾಗಗಳನ್ನು ಬಿಡಲು ಮನಸ್ಸೇ ಬರಲಿಲ್ಲ. ಕೊನೆಗೆ ಉಳಿದದ್ದು ಮಳೆಯಲ್ಲಿ ನೆನೆದ ಮರಿ ಕುಂಯ್‌ಗುಡುವ ಚೂರಷ್ಟೇ. ಪಿಟೀಲು ಒಂದೇ, ಒಂದು ಉಸಿರಿನಷ್ಟು.

ಕೊಳಲಿಗೆಂದು ಅವಳು ಆರಿಸಿದ ಇನ್ನೊಂದು ಹಾಡನ್ನು ನುಡಿಸಿದವರು ಯಾರೋ, ಎಲ್ಲಿಯವರೋ. ಅವರ ಬಾಗಿಲು ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಅದರಲ್ಲೂ ಅವಳು ಒಂದು ಉಸಿರಿನಷ್ಟೇ ತೆಗೆದುಕೊಂಡು, ಅವರ ಹೆಸರನ್ನು ಹುಡುಕಿ ಬಾಯಿಪಾಠ ಮಾಡಿದಳು.

ಶುಕ್ರವಾರ ಕಡ್ಡಿ ಕ್ಲಾಸಿನವರೆಗೂ ಹಿಂದೆಯೇ ಬಂದ. "ಮತ್ತೆ ಹಾಡಾ? ನಿನಗೆ ಭಯ ಇಲ್ವಾ?"

"ಹಾಡಲ್ಲ ಕಣೋ, ಚೂರು. ಅದೂ ಯಾರದು ಅಂತ ಹೇಳಿ ಹಾಕ್ತೀನಿ. ಬಾ, ನೀನೂ ಕೂತ್ಕೋ."

ಕಡ್ಡಿ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತ.

"ಇದು ನಮ್ಮ ಪಿಟೀಲು ಮಾವ ಕಟ್ಟಿದ್ದು. ಮಳೆಯಲ್ಲಿ ಒಂದು ನಾಯಿಮರಿ ಒಂಟಿಯಾಗಿದೆ..." ಜೀರುಂಡೆ ಬಟನ್ ಒತ್ತಿದಳು. ಪಿಟೀಲು ನಡುಗಿತು, ಏರಿತು, ನಿಂತಿತು.

"ಆಮೇಲೆ?" ಎಂದಿತು ಇಡೀ ಕ್ಲಾಸು. "ಮರಿ ಏನಾಯ್ತು?"

ರಾತ್ರಿ ಕತೆ ಹೇಳುತ್ತಾ, ರಾಕ್ಷಸ ಬಾಗಿಲು ತಟ್ಟುವ ಹೊತ್ತಿಗೇ ನಿಲ್ಲಿಸಿ ಆಕಳಿಸುವ ತನ್ನ ಅಜ್ಜಿ ಜೀರುಂಡೆಗೆ ನೆನಪಾದರು.

"ಆಮೇಲಿನದು ಮಾವನ ಹಾಡಲ್ಲಿದೆ. ಪೂರ್ತಿ ಅವರ ಹತ್ರಾನೇ ಕೇಳ್ಬೇಕು," ಎಂದಳು. ಹಾಗೆನ್ನುವಾಗ ಅವಳ ಮನಸ್ಸು ಹಗುರಾಗಿತ್ತು.

ಕೊಳಲಿನ ಚೂರು ಬಂತು, ಹೆಸರಿನ ಜೊತೆಗೆ. ಆಮೇಲೆ ಪರೀಕ್ಷೆ.

"ಬಟಾಣಿ, ಬಾ. ಕಣ್ಣು ಮುಚ್ಚು. ಕಳ್ಳನೋಟ ಇಲ್ಲ!"

ಬಟಾಣಿ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು. ಜೀರುಂಡೆ ಬಟನ್ ಒತ್ತಿದಳು. ಕಡ್ಡಿ ಕೂಡ ಉಸಿರು ಬಿಗಿಹಿಡಿದ.

ಸದ್ದು ನಿಂತಿತು. ಬಟಾಣಿ ಕಣ್ಣಿನ ಮೇಲಿನ ಕೈ ತೆಗೆಯಲೇ ಇಲ್ಲ.

"ಪಿಟೀಲು," ಎಂದಳು ಮೆಲ್ಲಗೆ. ಆಮೇಲೆ ತಲೆಯಾಡಿಸಿದಳು. "ಬೆಕ್ಕಲ್ಲ."