ಚಾರ್ಟಿನ ಮೇಲೆ ಬರೆದದ್ದು ಯಾರಿಗೆ

ಸ್ಟಾಫ್ ರೂಮಿನಲ್ಲಿ ತನ್ನ ಮೇಜಿನ ಮೇಲೆ ಸುತ್ತಿಟ್ಟಿದ್ದ ಚಾರ್ಟನ್ನು ಬಿಚ್ಚಿದ ಶ್ಯಾಮಲಾ ತಕ್ಷಣ ಮತ್ತೆ ಸುತ್ತಿಬಿಟ್ಟಳು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ಬಿಚ್ಚಿದಳು. ಹಸಿರು ಸ್ಕೆಚ್ ಪೆನ್ನಿನ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಇತ್ತು: ‘ನನ್ನ ಜೊತೆ ಬರ್ತೀರಾ?’

ಅದು ಬಾಟನಿ ಮೇಷ್ಟ್ರು ಮುನೀಂದ್ರನ ಅಕ್ಷರ. ಕೇಳಿ ತಿಳಿಯಬೇಕಾದ್ದೇನೂ ಇರಲಿಲ್ಲ.

ತಮಿಳುನಾಡಿನ ಗಡಿಯಲ್ಲಿ, ಕನ್ನಡ ತೆಲುಗು ಎರಡೂ ಮಾತಾಡುವ ಬೇರಿಕೆಯ ಆ ಸರ್ಕಾರಿ ಶಾಲೆಯಲ್ಲಿ ಶ್ಯಾಮಲಾ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಎರಡು ವರ್ಷದಿಂದ ಇಬ್ಬರೂ ದಿನಾ ಸಂಜೆ ಹೊಸೂರಿನಲ್ಲಿ ಒಂದೇ ರಾಯಕೋಟೆ ಬಸ್ ಹತ್ತುತ್ತಿದ್ದರು. ಅವನು ಸಾನಮಾವಿನಲ್ಲಿ ಇಳಿಯುತ್ತಿದ್ದ, ಅವಳು ಮುಂದೆ ಉದ್ದನಪಲ್ಲಿಗೆ ಹೋಗುತ್ತಿದ್ದಳು. ಇಳಿದವನು ಬಸ್ಸು ಹೊರಡುವ ತನಕ ಅಲ್ಲೇ ನಿಂತಿರುತ್ತಿದ್ದ. ಅದು ಬಸ್ಸು ಹೋದ ಮೇಲೆ ರಸ್ತೆ ದಾಟಲೋ ತನ್ನನ್ನು ನೋಡಲೋ ಎಂಬುದು ಅವಳಿಗೆ ಇವತ್ತಿಗೂ ಬಗೆಹರಿದಿರಲಿಲ್ಲ.

ಆ ವರ್ಷ ಅವಳ ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸಿನ, ಮಕ್ಕಳು ಹದಿನೈದು ದಿನಕ್ಕೊಂದು ಶುಕ್ರವಾರ ಸಂಜೆ ಅಮೆರಿಕದ ಒಹಾಯೊದಲ್ಲಿ, ಊರಾಚೆಯ ಬಡಾವಣೆಯೊಂದರ ಸರ್ಕಾರಿ ಹೈಸ್ಕೂಲಿನ ಮಕ್ಕಳ ಜೊತೆ ಕಂಪ್ಯೂಟರಿನಲ್ಲಿ ಮಾತಾಡುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳಲು ಮುನೀಂದ್ರ ಇರುತ್ತಿದ್ದ. ಹಿಂದಿನ ಸಲ ಅಲ್ಲಿಯ ಮಕ್ಕಳು ಪುಸ್ತಕ ಇಡುವ ತಮ್ಮ ಲಾಕರುಗಳನ್ನು ತೋರಿಸಿದರು. ತಾವೇ ಕಾರು ಓಡಿಸಿಕೊಂಡು ಶಾಲೆಗೆ ಬರುವ ಸುದ್ದಿ ಹೇಳಿದರು. ಡಿಸೆಂಬರಿನಲ್ಲಿ ಶಾಲೆಯಲ್ಲೇ ಡ್ಯಾನ್ಸ್ ಇರುತ್ತದಂತೆ. ಜೊತೆಗೆ ಯಾರನ್ನಾದರೂ ಕರೆಯಬೇಕೆಂದರೆ ದೊಡ್ಡ ಬೋರ್ಡು ಬರೆದು, ಎಲ್ಲರ ಎದುರಿಗೇ ಹಿಡಿದು ನಿಲ್ಲುತ್ತಾರಂತೆ. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾಗ ಮುನೀಂದ್ರ ತಲೆಯೆತ್ತಿ ಶ್ಯಾಮಲಾಳನ್ನು ನೋಡಿದ್ದ. ನೋಡಿ ಸಣ್ಣಗೆ ನಕ್ಕಿದ್ದ. ಆ ನಗುವಿನ ಅರ್ಥವೇನೆಂದು ಅವಳು ಎರಡು ವಾರ ತಲೆ ಕೆಡಿಸಿಕೊಂಡಿದ್ದಳು.

ಈಗ ಈ ಚಾರ್ಟು. ಶ್ಯಾಮಲಾ ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ಕೆಳಗೆ ಚಿಕ್ಕದಾಗಿ ‘ಎಲ್ಲಿಗೆ?’ ಎಂದು ಬರೆದಳು. ಸುತ್ತಿ ಅವನ ಮೇಜಿನ ಮೇಲಿಟ್ಟು ಕ್ಲಾಸಿಗೆ ಓಡಿದಳು.

ಸಂಜೆ ಕಂಪ್ಯೂಟರ್ ರೂಮಿನಲ್ಲಿ ಕೋಮಲಾ ಎಂಬ ಹುಡುಗಿ ಎದ್ದು, ಅದೇ ಚಾರ್ಟನ್ನು ಕ್ಯಾಮೆರಾದ ಮುಂದೆ ಹಿಡಿದಳು. ನಿಮ್ಮ ಬೋರ್ಡು ಕನ್ನಡದಲ್ಲಿ ಹೀಗಿರುತ್ತದೆ, ನಮ್ಮ ಸಾರ್ ಕೈಲಿ ಬರೆಸಿದ್ದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಚೆಯ ಟೀಚರಮ್ಮ, ಕೆಳಗಿನ ಚಿಕ್ಕ ಅಕ್ಷರ ಏನೆಂದು ಕೇಳಿದರು. ಕೋಮಲಾ ಬಗ್ಗಿ ಓದಿದಳು. ಅದು ನಮ್ಮ ಇಂಗ್ಲಿಷ್ ಮಿಸ್ ಅಕ್ಷರ, ಎಲ್ಲಿಗೆ ಅಂತ ಕೇಳಿದಾರೆ ಎಂದು ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎರಡೂ ದೇಶದ ಮಕ್ಕಳು ಒಟ್ಟಿಗೆ ನಕ್ಕರು. ಮುನೀಂದ್ರ ಕೀಬೋರ್ಡಿನಿಂದ ಕಣ್ಣೆತ್ತಲಿಲ್ಲ.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಬಸ್ಸಿನಲ್ಲಿ ಅವನ ಸೀಟಿನಲ್ಲಿ ಯಾರ್ಯಾರೋ ಕೂತರು. ತನ್ನ ಮುಖ ನೋಡಲಾರದೆ ರಜೆ ಹಾಕಿದ್ದಾನೆ ಎಂದುಕೊಂಡ ಶ್ಯಾಮಲಾಳಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ರಾಯಕೋಟೆಯಿಂದ ಹುಡುಗನ ಕಡೆಯವರೊಬ್ಬರು ತನ್ನನ್ನು ನೋಡಲು ಬರುತ್ತೇವೆ ಎಂದು ಮನೆಗೆ ಹೇಳಿ ಕಳಿಸಿದ್ದರು. ತಿಂಗಳಿಂದ ಅಮ್ಮನಿಗೆ ಹೂಂ ಅನ್ನದಿದ್ದ ಅವಳು ಆ ಸಿಟ್ಟಿನಲ್ಲಿ ಭಾನುವಾರ ಬರಲಿ ಅಂದುಬಿಟ್ಟಳು.

ಗುರುವಾರ ಕೋಮಲಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಮಿಸ್, ಸಾರ್ ಹೊಲಕ್ಕೆ ಆನೆ ಬಿದ್ದವಂತೆ. ಅವ್ರಪ್ಪ ಓಡೋಕ್ಕೋಗಿ ಕಾಲು ಮುರ್ಕೊಂಡವ್ರಂತೆ. ನಿಮಗೆ ಗೊತ್ತಿಲ್ವಾ?”

ಶ್ಯಾಮಲಾಳಿಗೆ ಹೋದ ಜೀವ ಬಂದಂತಾಯಿತು. ಯಾರದೋ ಕಾಲು ಮುರಿದರೆ ತನಗೆ ಸಮಾಧಾನವೇ ಎಂದು ಮರುಕ್ಷಣ ತನ್ನ ಮೇಲೇ ಹೇಸಿಗೆಯಾಯಿತು. ಮಧ್ಯಾಹ್ನ ರಜೆ ಕೇಳಿ ಹೊರಟವಳು ಸಾನಮಾವಿನಲ್ಲೇ ಇಳಿದಳು.

ಮುನೀಂದ್ರನ ತಾಯಿ ಕೊಂಡಮ್ಮ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದ ತಂದೆ ಸೊಣ್ಣಪ್ಪ, ಐದು ಆನೆ ರಾಗಿ ಹೊಲಕ್ಕೆ ಇಳಿದದ್ದನ್ನೂ ತಾನು ಬದು ಹಾರಿದ್ದನ್ನೂ ಎರಡೆರಡು ಸಲ ಹೇಳಿದರು. ಆನೆಗಳ ಮೇಲೆ ಅವರಿಗೆ ಅಷ್ಟೇನೂ ಕೋಪವಿರಲಿಲ್ಲ, ಬೇಸಾಯ ಬಿಟ್ಟು ಮಂಚದ ಮೇಲೆ ಕೂತಿರುವುದೇ ದೊಡ್ಡ ಸಂಕಟವಾಗಿತ್ತು. ಹೀಗೆ ಒಂದು ಗಂಟೆ ಕಳೆಯಿತು. ಮಡಿಚಿ ಕಟ್ಟಿದ ಲುಂಗಿಯಲ್ಲಿ, ಆನೆಗಳು ತುಳಿದು ಬಿಟ್ಟಿದ್ದ ರಾಗಿ ತೆನೆಗಳನ್ನು ಹೊತ್ತುಕೊಂಡು ಬಂದ ಮುನೀಂದ್ರ ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಆಮೇಲೆ ನೆನಪಾದವನಂತೆ ಲುಂಗಿ ಇಳಿಬಿಟ್ಟ.

ಕತ್ತಲಾದರೆ ಆ ರಸ್ತೆಯಲ್ಲಿ ಆನೆ ಭಯವೆಂದು, ಬಿಸಿಲಿರುವಾಗಲೇ ಅವನು ಅವಳನ್ನು ಬಸ್ ಸ್ಟಾಪಿಗೆ ಕರೆತಂದ.

“ಆ ಚಾರ್ಟು ನಿಮಗೆ ಬರ್ದಿದ್ದಲ್ಲ ಮೇಡಂ. ಕೋಮಲಾ ಕೇಳಿದ್ಲು, ಬರ್ದು, ಅವ್ಳಿಗೆ ಕೊಡ್ತೀರಂತ ನಿಮ್ಮ ಮೇಜಿನ ಮೇಲಿಟ್ಟೆ.”

“ಶುಕ್ರವಾರಾನೇ ಗೊತ್ತಾಯ್ತು ಸಾರ್.”

“ನಿಮಗೇ ಬರೆಯೋ ಧೈರ್ಯ ಇದ್ದಿದ್ರೆ ಎರಡ್ ವರ್ಷ ಬಸ್ಸಲ್ಲಿ ಸುಮ್ನೆ ಕೂತಿರ್ತಿದ್ನಾ?”

ಇದು ಹೌದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. “ನಂಗರ್ಥ ಆಗ್ಲಿಲ್ಲ. ಮಕ್ಕಳಿಗೆ ಹೇಳೋ ಥರ ಬಿಡಿಸಿ ಹೇಳಿ,” ಅಂದಳು.

“ನೀವಂದ್ರೆ ನಂಗಿಷ್ಟ,” ಅಂದ ಅವನು, ರಸ್ತೆ ನೋಡುತ್ತ.

ಅವಳು ಭಾನುವಾರದ ವಿಷಯ ಹೇಳಿದಳು. ಅವನ ಮುಖ ಸಪ್ಪಗಾಯಿತು. ಯಾಕೆ ಒಪ್ಪಿದಿರಿ ಎಂದು ಕೇಳಿದ. ನಿಮ್ಮ ಮೇಲಿನ ಸಿಟ್ಟಿಗೆ ಅಂದಳು. ದೂರದಲ್ಲಿ ಬಸ್ಸು ಕಾಣಿಸಿತು.

“ಅವ್ರಿಗೆ ಬ್ಯಾಡ ಅಂದ್ಬುಡಿ,” ಅಂದ ಅವನು ಅವಸರದಲ್ಲಿ. “ಅಪ್ಪ ನಡೆಯೋ ಹಂಗಿಲ್ಲ. ಅಮ್ಮನ್ನ ಕರ್ಕೊಂಡು ನಾನೇ ಬತ್ತೀನಿ.”

ಬಸ್ಸಿನಲ್ಲಿ ಕೂತವಳೇ ಅಮ್ಮನಿಗೆ ಫೋನ್ ಮಾಡಿ ಭಾನುವಾರದವರು ಬೇಡ ಅಂದಳು, ಮುನೀಂದ್ರನ ವಿಷಯ ಹೇಳಿದಳು. ಅಮ್ಮ ಯಾವ ಊರು, ಏನು ಕೆಲಸ ಎಂದೆಲ್ಲ ಕೇಳಿದರು. ಕೊನೆಗೆ, ಅವರ ಮನೆಯಲ್ಲಿ ಏನು ಮಾತಾಡುತ್ತಾರೆ, ಕನ್ನಡವೋ ತೆಲುಗೋ ಎಂದರು.

ಶ್ಯಾಮಲಾ ನೆನಪು ಮಾಡಿಕೊಂಡಳು. ಕೊಂಡಮ್ಮ ಏನೇನೋ ಕೇಳಿದ್ದರು, ಸೊಣ್ಣಪ್ಪ ಅಷ್ಟೆಲ್ಲ ಹೇಳಿದ್ದರು, ತಾನೂ ಎಲ್ಲಕ್ಕೂ ಉತ್ತರ ಕೊಟ್ಟಿದ್ದಳು. ಯಾವ ಭಾಷೆಯಲ್ಲಿ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

“ಗೊತ್ತಾಗ್ಲಿಲ್ಲಮ್ಮ,” ಅಂದಳು.