ಕಾಗೆ ಮುಟ್ಟಿದ ಅನ್ನ

ನನ್ನ ತಮ್ಮ ಪಂಪೇಶ ತೀರಿಕೊಂಡ ಹತ್ತನೆಯ ದಿನ. ಅವನದೇ ಹಳೆಯ ಕಾರಿನಲ್ಲಿ ಹಂಪಿಯ ಹೊಳೆದಂಡೆಗೆ ಹೋಗಿ, ಎಳ್ಳು ಬೆರೆಸಿದ ಪಿಂಡವನ್ನು ಬಾಳೆಲೆಯ ಮೇಲಿಟ್ಟೆ. ಕಾಗೆ ಮುಟ್ಟಿದರೆ ಅವನ ಜೀವಕ್ಕೆ ತೃಪ್ತಿ. ಮಧ್ಯಾಹ್ನವಾದರೂ ಒಂದೂ ಹತ್ತಿರ ಬರಲಿಲ್ಲ. ಮನಸ್ಸು ಮುರಿದು ಕಾರಿಗೆ ಬಂದು ಕೀಲಿ ತಿರುಗಿಸಿದೆ. ಬಾನೆಟ್ಟಿನೊಳಗೆ ಯಾರೋ ಬಾಯ್ತುಂಬ ಅಗಿಯುವಂಥ ಹಸಿ ಸಪ್ಪಳವಾಯಿತು, ಗಾಡಿ ಹೊರಡಲಿಲ್ಲ.

ಚಿತ್ತವಾಡ್ಗಿಯಿಂದ ಮೆಕ್ಯಾನಿಕ್ ಹುಲುಗಪ್ಪನನ್ನು ಕರೆಸಿದೆ.

“ಸ್ಟಾರ್ಟರ್ ಮೋಟರ್ ಹೋಗೈತ್ರಿ, ಯಜಮಾನ್ರ. ಇದನ್ನ ಯಾರೂ ಬಿಚ್ಚೇ ಇಲ್ಲ, ಬೋಲ್ಟ್ ಹೆಂಗ ತುಕ್ಕು ಹಿಡದಾವ ನೋಡ್ರಿ,” ಎನ್ನುತ್ತ ಅದನ್ನು ಕಳಚಿ ಮುಚ್ಚಳ ತೆಗೆದ.

ಗಪ್ಪನೆ ನಾತ ಹೊಡೆಯಿತು. ಒಳಗೆ ಎಳ್ಳು ಬೆರೆತ, ಲೋಳೆಗಟ್ಟಿದ ಹಳಸಲು ಅನ್ನ ತುಂಬಿತ್ತು, ಹುಳುಗಳು ಮಿಜಿಗುಡುತ್ತಿದ್ದವು. ಆದರೂ ಈಗಷ್ಟೇ ಬಸಿದ ಅನ್ನದಂತೆ ಅದರಿಂದ ಹಬೆ ಏಳುತ್ತಿತ್ತು.

“ಥೂ! ಯಾವನ್ ಹಲ್ಕಟ್ ಕೆಲ್ಸಾರೀ ಇದು!” ಹುಲುಗಪ್ಪ ಅದನ್ನು ಕೊಡವಿ ನೆಲಕ್ಕೆ ಸುರಿದ. ಮರುಕ್ಷಣವೇ ಕಾಗೆಗಳು ಹಿಂಡಾಗಿ ಇಳಿದು, ಗ್ರೀಸು, ಹುಳುಗಳ ಸಮೇತ ಮುಕ್ಕಿದವು. ನಾನು ದಂಡೆಯ ಮೇಲಿನ ಪಿಂಡದತ್ತ ತಿರುಗಿ ನೋಡಿದೆ.

“ಕಾಗಿ ಮುಟ್ಟಿದ್ವಲ್ರಿ, ಬಿಡ್ರಿ,” ಎಂದ ಹುಲುಗಪ್ಪ ಮೆಲ್ಲಗೆ.

ವಿರೂಪಾಕ್ಷನ ಮೇಲಾಣೆ, ನಾನು ದಂಡೆಯಲ್ಲಿಟ್ಟ ಪಿಂಡ ಸಂಜೆಯವರೆಗೂ ಹಾಗೆಯೇ ಇತ್ತು. ಅದರ ಮೇಲೆ ಒಂದು ನೊಣವೂ ಕೂರಲಿಲ್ಲ.